ಗುಳಿಗೆ ನುಂಗಿದ ಮೇಲೆ ಪಿತ್ತ ಎದ್ದರೆ
(ಮೈಂದರ್ಗಿಯಲ್ಲಿ ದುಡಿಯುವ ಕುಟುಂಬಗಳ ಮುಂದೆ ಮಾಡಿದ ಭಾಷಣ)



ಕಬ್ಬು ಕಡಿದು, ದ್ರಾಕ್ಷಿ ದಾಳಿಂಬೆ ತೋಟಗಳಲ್ಲಿ ದುಡಿದು ಸಂಜೆ ಮನೆಗೆ ಬಂದಾಗ ಸೊಂಟ ನೋಯುತ್ತದೆ, ತಲೆ ಸಿಡಿಯುತ್ತದೆ. ನಾಳೆಯ ಕೂಲಿ ತಪ್ಪಬಾರದು. ಆದುದರಿಂದ ಅಂಗಡಿಯಿಂದ ಒಂದು ಗುಳಿಗೆ ತರಿಸಿ ನುಂಗಿ ಮಲಗುತ್ತೇವೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಕೆಲವರಿಗೆ ಮಾತ್ರ ಸ್ವಲ್ಪ ಹೊತ್ತಿನಲ್ಲಿ ಮೈಯೆಲ್ಲ ತುರಿಕೆ, ಕೆಂಪು ಗಂಧೆಗಳು. ತುಟಿ, ಕಣ್ಣುರೆಪ್ಪೆಗಳಲ್ಲಿ ಬಾವು. "ಪಿತ್ತ ಎದ್ದಿದೆ" ಎಂದು ಕಂಬಳಿ ಹೊದಿಸಿ ಸುಮ್ಮನಾಗುತ್ತೇವೆ. ಆದರೆ ಅದಕ್ಕೆ ಕಾರಣ ಆ ಗುಳಿಗೆಯೇ ಇರಬಹುದು.

ಇದಕ್ಕೆ ಅಲರ್ಜಿ ಎಂದು ಹೆಸರು. ಈ ಹೆಸರನ್ನು 1906ರಲ್ಲಿ ವಿಯೆನ್ನಾದ ವೈದ್ಯ ಪಿರ್ಕೆ ಕೊಟ್ಟರು. ರೋಗಗಳಿಂದ ನಮ್ಮನ್ನು ಕಾಯುವ ಶಕ್ತಿಯೇ ಮದ್ದನ್ನು ಶತ್ರುವೆಂದು ತಿಳಿದು ಎದುರು ಬೀಳುತ್ತದೆ. ಆಗ ಹಿಸ್ಟಮಿನ್ ಎಂಬ ರಸ ಬಿಡುಗಡೆಯಾಗಿ, ಸಣ್ಣ ರಕ್ತನಾಳಗಳಿಂದ ನೀರು ಜಿನುಗಿ ಚರ್ಮ ಉಬ್ಬುತ್ತದೆ. "ಮೊದಲು ಎಷ್ಟೋ ಸಲ ನುಂಗಿದ್ದೇನೆ, ಏನೂ ಆಗಿಲ್ಲ" ಎನ್ನುವವರಿದ್ದಾರೆ. ಹಿಂದೆ ಒಗ್ಗಿದ್ದ ಮದ್ದು ಮುಂದೆ ಒಗ್ಗದೆ ಹೋಗಬಹುದು.

ಯಾವ ಮದ್ದುಗಳಿಂದ ಹೀಗಾಗುತ್ತದೆ? ಪೆನಿಸಿಲಿನ್ ಮತ್ತು ಅದೇ ಕುಲದ ಆಂಪಿಸಿಲಿನ್, ಅಮಾಕ್ಸಿಸಿಲಿನ್, ಸಲ್ಫಾ ಗುಳಿಗೆಗಳು, ನೋವಿಗೆ ಕೊಡುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್. ನೋವಿನ ಗುಳಿಗೆ ಒಂದು ಒಗ್ಗದವರಿಗೆ ಅದೇ ಬಗೆಯ ಇನ್ನೊಂದೂ ಒಗ್ಗದಿರಬಹುದು. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್‌ಗಳಿಂದ ತುರಿಕೆಯಿಲ್ಲದೆಯೇ ತುಟಿ, ನಾಲಿಗೆ ಬಾಯುವುದುಂಟು; ಅದು ತಿಂಗಳುಗಟ್ಟಲೆ ನುಂಗಿದ ಮೇಲೂ ಬರಬಹುದು.

ಬರಿಯ ಗಂಧೆ ಎದ್ದರೆ, ಆ ಗುಳಿಗೆಯನ್ನು ಮತ್ತೆ ನುಂಗದೆ ಅದೇ ದಿನ ವೈದ್ಯರಿಗೆ ತೋರಿಸಿರಿ. ಜ್ವರದೊಂದಿಗೆ ಬಾಯಲ್ಲಿ ಹುಣ್ಣಾದರೆ, ಮೈಮೇಲೆ ಬೊಬ್ಬೆ ಎದ್ದು ಚರ್ಮ ಸುಲಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಉಸಿರು ಕಟ್ಟಿದರೆ, ಧ್ವನಿ ಒಡೆದರೆ, ನಾಲಿಗೆ ಬಾತರೆ, ತಲೆತಿರುಗಿ ಬಿದ್ದರೆ ಅದು ಪ್ರಾಣಾಪಾಯ. ಆಗ ಕಂಬಳಿಯೂ ಸಾಲದು, ತುರಿಕೆಯ ಗುಳಿಗೆಯೂ ಸಾಲದು. ತೊಡೆಗೆ ಕೊಡುವ ಅಡ್ರಿನಲಿನ್ ಸೂಜಿಯೇ ಮೊದಲ ಮದ್ದು. ಕೂಡಲೇ 108ಕ್ಕೆ ಫೋನು ಮಾಡಿರಿ. ಮಹಾರಾಷ್ಟ್ರದಲ್ಲಿ ಈ ಗಾಡಿ 2014ರಿಂದ ಇದೆ, ಗಡಿಯಾಚೆ ಕರ್ನಾಟಕದಲ್ಲೂ ಅದೇ ನಂಬರು, ಹಣ ಕೊಡಬೇಕಾಗಿಲ್ಲ. ಗಾಡಿ ಬರುವತನಕ ರೋಗಿಯನ್ನು ಮಲಗಿಸಿ ಕಾಲು ಎತ್ತರಕ್ಕೆ ಇಡಿರಿ. ಉಸಿರಾಟ ಕಷ್ಟವಾದರೆ ಕಾಲು ಚಾಚಿಸಿ ಕೂಡ್ರಿಸಿರಿ. ನಡೆಸಬೇಡಿರಿ, ನೀರು ಕುಡಿಸಬೇಡಿರಿ.

ಗುಣವಾದ ಮೇಲೂ ಒಂದು ಕೆಲಸವಿದೆ. ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ಬಿಡಿ ಗುಳಿಗೆಯ ಮೇಲೆ ಹೆಸರೇ ಇರುವುದಿಲ್ಲ. ನಾಳೆ ಇನ್ನೊಬ್ಬ ವೈದ್ಯರು ಅದೇ ಮದ್ದನ್ನು ಬೇರೆ ಹೆಸರಿನಲ್ಲಿ ಕೊಟ್ಟರೆ ನಮಗೆ ತಿಳಿಯುವುದು ಹೇಗೆ? ಎರಡನೆಯ ಸಲ ಬಾಧೆ ಮೊದಲಿಗಿಂತ ಜೋರಾಗಬಹುದು. ಆದುದರಿಂದ ಕೊಳ್ಳುವಾಗಲೇ ಹೆಸರು ಕೇಳಿರಿ. ಕಂಪನಿ ಇಟ್ಟ ಹೆಸರಲ್ಲ, ಒಳಗಿನ ಮದ್ದಿನ ಹೆಸರು. ಅದನ್ನು ಒಂದು ಚೀಟಿಯಲ್ಲಿ ಬರೆಸಿ ಆಧಾರ್ ಕಾರ್ಡಿನ ಸಂಗಡ ಇಟ್ಟುಕೊಳ್ಳಿರಿ. ಕಬ್ಬಿನ ಹಂಗಾಮಿಗೆ ಊರು ಬಿಟ್ಟು ಹೋಗುವಾಗ ಅದೂ ನಿಮ್ಮೊಡನೆ ಬರಲಿ, ಮುಕಾದಮನಿಗೂ ತಿಳಿಸಿರಿ.

ಅಕ್ಕಲಕೋಟೆ, ಸೊಲ್ಲಾಪುರದ ದವಾಖಾನೆಗಳಲ್ಲಿ ಮರಾಠಿ ಬಾರದೆ ಬಾಯಿ ಕಟ್ಟುವವರು ಈ ಒಂದು ಮಾತು ಕಲಿಯಿರಿ: "ಯಾ ಔಷಧಾನೇ ಮಾಝ್ಯಾ ಅಂಗಾವರ ಪಿತ್ತ ಉಠತೇ." ಪಿತ್ತ ಎಂಬ ಮಾತು ಎರಡು ಭಾಷೆಗೂ ಒಂದೇ. ಸೂಜಿ ಚುಚ್ಚುವ ಮುಂಚೆ ಹೇಳಿರಿ, ಚುಚ್ಚಿದ ಮೇಲಲ್ಲ. ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಮದ್ದಿನಿಂದಾದ ಬಾಧೆಯನ್ನು ಸರಕಾರಕ್ಕೆ ತಿಳಿಸಲು 1800-180-3024 ಎಂಬ ಉಚಿತ ಫೋನು ಇದೆ.

ಇಷ್ಟು ಕೇಳಿ ಎಲ್ಲ ಮದ್ದಿಗೂ ಹೆದರಬೇಡಿರಿ. ಗುಳಿಗೆಯಿಂದ ಹೊಟ್ಟೆ ಉರಿದರೆ, ಭೇದಿಯಾದರೆ ಅದು ಸಾಮಾನ್ಯವಾಗಿ ಅಲರ್ಜಿಯಲ್ಲ. ಕ್ಷಯಕ್ಕೆ, ರಕ್ತದೊತ್ತಡಕ್ಕೆ ನುಂಗುವವರು ಬರಿಯ ಹೆದರಿಕೆಯಿಂದ ಮದ್ದು ಬಿಡಬಾರದು. ಒಗ್ಗದ ಒಂದು ಮದ್ದಿನ ಹೆಸರು ತಿಳಿದಿದ್ದರೆ, ಅದರ ಬದಲಿಗೆ ಬೇರೊಂದನ್ನು ಕೊಡಲು ವೈದ್ಯರಿಗೆ ದಾರಿಯಿರುತ್ತದೆ. ಓದು ಬಾರದವರು ಇಂದು ರಾತ್ರಿಯೇ ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಆ ಚೀಟಿ ಬರೆಸಿರಿ.