ದಾನದ ಹಣ ಮತ್ತು ಹಳ್ಳಿಯ ಮಾತು
(ಶತಮಾನೋತ್ಸವದ ಸೇವಾ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ದಾನದ ಕುರಿತು ಮಾತನಾಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಕೊಡಿರಿ ಎಂದು ಬೋಧಿಸುವ ಅಗತ್ಯ ಈ ಊರಿನಲ್ಲಿ ಇಲ್ಲವೆಂದು ನಾವು ಉತ್ತರವಿತ್ತೆವು. ನೂರು ವರ್ಷಗಳಿಂದ ನೀವು ಕೊಡುತ್ತಲೇ ಬಂದಿದ್ದೀರಿ. ಕೊಟ್ಟ ಹಣ ಎಲ್ಲಿ ಬೇರೂರಿತು ಎಂದು ವಿಚಾರಿಸುವ ವಾಡಿಕೆ ಮಾತ್ರ ನಮ್ಮಲ್ಲಿ ಕಡಿಮೆ. ಆದುದರಿಂದ ಆಫ್ರಿಕಾ ಖಂಡದ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇವೆ.

ಉಗಾಂಡ ಎಂದೊಡನೆ ನಮಗೆ ರಕ್ತಸಾಕ್ಷಿಗಳ ನೆನಪಾಗುತ್ತದೆ. 1886ರ ಜೂನ್ 3ರಂದು ನಮುಗೊಂಗೊ ಎಂಬಲ್ಲಿ ಸಂತ ಚಾರ್ಲ್ಸ್ ಲ್ವಾಂಗಾ ಮತ್ತು ಸಂಗಡಿಗರು ಬೆಂಕಿಗೆ ಆಹುತಿಯಾದರು. ಅವರನ್ನೊಳಗೊಂಡ 22 ಮಂದಿಯನ್ನು ಜಗದ್ಗುರು ಆರನೆಯ ಪೌಲರು 1964ರ ಅಕ್ಟೋಬರ್ 18ರಂದು ಸಂತರೆಂದು ಘೋಷಿಸಿದರು. 1993ರಲ್ಲಿ ಅದೇ ತಾರೀಖಿನಂದು ಆ ದೇಶದ ಧರ್ಮಾಧ್ಯಕ್ಷರು ನ್ಕೋಝಿ ಎಂಬಲ್ಲಿ ಉಗಾಂಡ ರಕ್ತಸಾಕ್ಷಿಗಳ ವಿಶ್ವವಿದ್ಯಾನಿಲಯವನ್ನು ತೆರೆದರು. ಆರಂಭದ ವಿದ್ಯಾರ್ಥಿಗಳು 84 ಮಂದಿ. ಸ್ಥಳ ರಾಜಧಾನಿ ಕಂಪಾಲದಲ್ಲಿ ಅಲ್ಲ; ಅಲ್ಲಿಂದ ಸುಮಾರು 80 ಕಿಲೋಮೀಟರ್ ಆಚೆ, ಭೂಮಧ್ಯರೇಖೆಯ ಸಮೀಪ, ಬಾಳೆ ಮತ್ತು ಕಾಫಿ ಬೆಳೆಯುವ ಹಳ್ಳಿಗಳ ನಡುವೆ.

ಇದು ಸಣ್ಣ ಧೈರ್ಯವಲ್ಲ. ಆಫ್ರಿಕಾದಲ್ಲಿ ವಿಶ್ವವಿದ್ಯಾನಿಲಯಕ್ಕಿಂತ ಪ್ರಾಥಮಿಕ ಶಾಲೆಗೆ ಹಾಕಿದ ಹಣವೇ ಹೆಚ್ಚು ಫಲ ಕೊಡುತ್ತದೆಂದು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಪಂಡಿತರು ಲೆಕ್ಕ ತೋರಿಸಿದ್ದರು. ಆದರೆ ಆ ಶಾಲೆಯ ಉಪಾಧ್ಯಾಯರಿಗೆ ಕಲಿಸುವವರು ಯಾರು? ಬಾಳೆಗೆ ರೋಗ ತಗಲಿದಾಗ ಪರೀಕ್ಷಿಸುವವರು ಯಾರು? ಮುಂದೆ ಕಾರ್ನೆಗಿ, ರಾಕ್‌ಫೆಲರ್, ಫೋರ್ಡ್, ಮೆಕಾರ್ಥರ್ ಮೊದಲಾದ ಅಮೆರಿಕದ ದತ್ತಿನಿಧಿಗಳು ಒಟ್ಟುಗೂಡಿ 2000ದಿಂದ 2010ರವರೆಗೆ ಒಂಬತ್ತು ಆಫ್ರಿಕನ್ ದೇಶಗಳ ಉನ್ನತ ಶಿಕ್ಷಣಕ್ಕೆ ಸುಮಾರು 44 ಕೋಟಿ ಡಾಲರ್ ನೀಡಿದುವು. ಹತ್ತು ವರ್ಷ ತುಂಬಿತು, ಕೂಟ ಮುಗಿಯಿತು. ದಾನಿಗಳು ಒಂದು ದಿನ ಹೊರಟುಹೋಗುತ್ತಾರೆ, ಅದು ಅವರ ತಪ್ಪಲ್ಲ. ಅನಂತರ ಹಳ್ಳಿಯ ಪಕ್ಕದಲ್ಲಿ ಉಳಿಯುವವರು ಯಾರು ಎಂಬುದನ್ನು ಮೊದಲೇ ಯೋಚಿಸಬೇಕಾಗುತ್ತದೆ.

ಅಮೆರಿಕದ ಇಂಡಿಯಾನಾ ಸಂಸ್ಥಾನದಲ್ಲಿ ಹೋಲಿ ಕ್ರಾಸ್ ಸಭೆಯ ಗುರುಗಳು 1842ರಲ್ಲಿ ಸ್ಥಾಪಿಸಿದ ನೋಟ್ರ್ ಡೇಮ್ ವಿಶ್ವವಿದ್ಯಾನಿಲಯವಿದೆ. ಅಲ್ಲಿ ಡಗ್ ಮತ್ತು ಕ್ಯಾಥಿ ಫೋರ್ಡ್ ದಂಪತಿಗಳ ಕೊಡುಗೆಯಿಂದ 2008ರಲ್ಲಿ ಮಾನವಾಭಿವೃದ್ಧಿಯ ಒಂದು ಕಾರ್ಯಕ್ರಮ ಏರ್ಪಟ್ಟಿತು. (ಮೇಲೆ ಹೇಳಿದ ಫೋರ್ಡ್ ದತ್ತಿನಿಧಿ ಬೇರೆ, ಈ ದಂಪತಿಗಳು ಬೇರೆ.) ಆ ಕಾರ್ಯಕ್ರಮ ನ್ಕೋಝಿಯ ವಿಶ್ವವಿದ್ಯಾನಿಲಯದೊಡನೆ ಸೇರಿ ನೆರೆಯ ನ್ನಿಂಡ್ಯೆ ಎಂಬ ಪ್ಯಾರಿಶಿನಲ್ಲಿ ಕೆಲಸ ಹೂಡಿತು. ಅಲ್ಲಿ ಪ್ಯಾರಿಶ್ ಎಂದರೆ ನಮ್ಮ ಹಾಗೆ ಧರ್ಮಕೇಂದ್ರವಲ್ಲ. ಹಲವು ಹಳ್ಳಿಗಳು ಕೂಡಿದ ಸರಕಾರಿ ಆಡಳಿತ ಘಟಕ, ಅವರ ಮಾತಿನಲ್ಲಿ ಮುಲುಕ.

ನಮ್ಮ ಮನಸ್ಸನ್ನು ಸೆಳೆದದ್ದು ಅವರು ಹೋದ ದಾರಿ. ಮೊದಲು ಹಳ್ಳಿಯವರ ಸಭೆ, ನಿಮ್ಮ ಕೊರತೆ ಯಾವುದು ಎಂಬ ಪ್ರಶ್ನೆ. ಕುಡಿಯುವ ನೀರು, ಆರೋಗ್ಯ, ಶಾಲೆ, ಬೇಸಾಯ, ಸಣ್ಣ ಉಳಿತಾಯದ ಕೆಲಸಗಳೆಲ್ಲ ಅನಂತರ. ಅಮೆರಿಕದ ಪ್ರಾಧ್ಯಾಪಕರು ರಜೆ ಮುಗಿದೊಡನೆ ವಿಮಾನ ಹತ್ತಬೇಕಾದವರು. ಲುಗಾಂಡ ಭಾಷೆ ಬಲ್ಲ ನ್ಕೋಝಿಯವರಾದರೋ ಮರುದಿನವೂ ಅದೇ ದಾರಿಯಲ್ಲಿ ಎದುರು ಸಿಗುವವರು. ಎಲ್ಲವೂ ಸುಗಮವಾಗಿರುತ್ತದೆಂದು ಭಾವಿಸಬೇಡಿ. ಪ್ರಾಧ್ಯಾಪಕರಿಗೆ ಪ್ರಬಂಧ ಬೇಕು, ಹಳ್ಳಿಗೆ ನೀರು ಬೇಕು. ಹಣ ಬಂದಿದೆಯೆಂದು ತಿಳಿದರೆ ಬಡವರು ತಮಗೆ ಬೇಕಾದುದನ್ನು ಬಿಟ್ಟು ಕೊಡುವವರಿಗೆ ಹಿತವಾದುದನ್ನೇ ಹೇಳುವುದೂ ಉಂಟು. ಒಂದೇ ಸಭೆಯಲ್ಲಿ ನಿಜ ಹೊರಡುವುದಿಲ್ಲ. ಅದಕ್ಕೆ ವರ್ಷಗಳು ಹಿಡಿಯುತ್ತವೆ; ಆ ವರ್ಷಗಳ ಖರ್ಚನ್ನು ಹೊರುವ ದಾನಿಗಳು ವಿರಳ.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ಹಿಂದೆ ನಾವು ಸೇವೆಯಲ್ಲಿದ್ದ ಇನ್ನೊಂದು ಧರ್ಮಕೇಂದ್ರದಲ್ಲಿ ಪರದೇಶದ ದಾನಿಯೊಬ್ಬರ ಹಣದಿಂದ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದೆವು. ಜಾಗ ಆರಿಸಿದವರು ನಾವೇ, ರಸ್ತೆಯ ಬದಿಯಲ್ಲಿ, ನೋಡಿದವರಿಗೆ ಕಾಣುವಂತೆ. ನೀರು ಹೊರುವ ಹೆಂಗಸರನ್ನು ಕೇಳಲಿಲ್ಲ. ಎರಡನೆಯ ಬೇಸಿಗೆಗೆ ಪಂಪು ಕೆಟ್ಟಿತು. ರಿಪೇರಿ ಬಲ್ಲವರು ಊರಿನಲ್ಲಿ ಇರಲಿಲ್ಲ. ಕಲಿಸಬೇಕೆಂದು ನಮಗೂ ಹೊಳೆದಿರಲಿಲ್ಲ. ಹೆಂಗಸರು ಹಳೆಯ ತೋಡಿಗೇ ಮರಳಿದರು. ದಾನಿಯ ಹೆಸರಿನ ಅಮೃತಶಿಲೆಯ ಫಲಕ ಮಾತ್ರ ಚೆನ್ನಾಗಿತ್ತು.

ಆರನೆಯ ಪೌಲರು 1967ರಲ್ಲಿ ಜನಾಂಗಗಳ ಪ್ರಗತಿಯನ್ನು ಕುರಿತು ವಿಶ್ವಪತ್ರವನ್ನು ಬರೆದರು. 1969ರಲ್ಲಿ ಸ್ವತಃ ಉಗಾಂಡಕ್ಕೆ ಹೋಗಿ, ಆಫ್ರಿಕಾದವರು ಇನ್ನು ತಮಗೆ ತಾವೇ ಧರ್ಮಪ್ರಚಾರಕರೆಂದು ತಿಳಿಸಿದರು. ನ್ಕೋಝಿ ಆ ಮಾತಿನ ಒಂದು ಫಲವೆಂದು ನಮ್ಮ ಅಭಿಪ್ರಾಯ.

ಈಗ ನಮ್ಮ ಮನೆಯ ವಿಷಯ. ಶತಮಾನೋತ್ಸವ ನಿಧಿಯಲ್ಲಿ ಉಳಿದ ಹಣದಿಂದ ಗುಡ್ಡದಾಚೆಯ ಕಾಲೋನಿಗೆ ಹೊಲಿಗೆ ಯಂತ್ರಗಳನ್ನು ಕೊಡುವುದೆಂದು ಸಮಿತಿ ತೀರ್ಮಾನಿಸಿದೆ. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿಯ ತಾಯಂದಿರನ್ನು ಯಾರೂ ಕೇಳಿಲ್ಲ. ಸಮಿತಿಯವರು ಕ್ಷಮಿಸಬೇಕು, ಆ ತೀರ್ಮಾನಕ್ಕೆ ನಾವು ಇನ್ನೂ ಸಹಿ ಮಾಡಿಲ್ಲ. ಬರುವ ಭಾನುವಾರ ಎರಡನೆಯ ಪೂಜೆಯ ಬಳಿಕ ನಾವು ಕಾಲೋನಿಗೆ ಹೋಗುತ್ತೇವೆ. ಪಕ್ಕದ ಊರಿನ ಕಾಲೇಜಿನ ಇಬ್ಬರು ಉಪನ್ಯಾಸಕರು ತಮ್ಮ ವಿದ್ಯಾರ್ಥಿಗಳೊಡನೆ ಬರಲು ಒಪ್ಪಿದ್ದಾರೆ. ಸಮಿತಿಯವರೂ ಬರಬೇಕೆಂದು ಕೋರುತ್ತೇವೆ. ಫಲಕ ಕೆತ್ತುವವನಿಗೆ ಕೊಟ್ಟ ಮುಂಗಡದ ವಿಚಾರವನ್ನು ನಾವೇ ನೋಡಿಕೊಳ್ಳುತ್ತೇವೆ.