ಒಂದು ಒರಳು, ಹಲವು ಬಿಲ್ಲೆ

ಕಂಪ್ಯೂಟರಿಗೆ ಕೆಲಸ ಹೇಳುವುದು ಹೇಗೆ, ಮಕ್ಕಳೇ? ಪರದೆಯ ಮೇಲೆ ಕಾಣುವ ಪುಟ್ಟ ಚಿತ್ರವನ್ನು ಒತ್ತಿ ಹೇಳಬಹುದು. ಮೊಬೈಲು ಹಿಡಿದವರಿಗೆಲ್ಲ ಆ ದಾರಿ ಗೊತ್ತು. ಅದಕ್ಕಿಂತ ಹಳೆಯ ದಾರಿ ಇನ್ನೊಂದಿದೆ: ಬರೆದು ಹೇಳುವುದು. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಕಂಪ್ಯೂಟರು ಕೆಲಸ ಮಾಡಿ, ಕೆಳಗಿನ ಸಾಲಿನಲ್ಲಿ ಉತ್ತರ ಬರೆಯುತ್ತದೆ. ಹೀಗೆ ನಮ್ಮ ಸಾಲನ್ನು ಓದಿ ಕೆಲಸ ಮಾಡಿಸುವ ತಂತ್ರಾಂಶಕ್ಕೆ ಶೆಲ್ ಎನ್ನುತ್ತಾರೆ. ನಾವು ಟೈಪ್ ಮಾಡುವ ಸಾಲೇ ಆಜ್ಞೆ, ಅಂದರೆ ಕಮಾಂಡ್.

ಈಗ ಟೆಕ್ಸ್ಟ್ ಎಡಿಟರ್ ಎಂದರೇನು ನೋಡೋಣ. ಬರೆಯಲು, ಅಳಿಸಲು, ಬರೆದದ್ದನ್ನು ಇಲ್ಲಿಂದ ಅಲ್ಲಿಗೆ ಸರಿಸಲು ಇರುವ ತಂತ್ರಾಂಶ ಅದು. ಈಮ್ಯಾಕ್ಸ್ ಎಂಬುದು ಅಂಥದ್ದೊಂದು, ಬಹಳ ಹಿರಿಯದು. ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿ 1976ರಲ್ಲಿ ಅದು ಹುಟ್ಟಿತು. ಅದನ್ನು ಬೆಳೆಸಿದ ರಿಚರ್ಡ್ ಸ್ಟಾಲ್ಮನ್ ಆಮೇಲೆ ಅದನ್ನು ಹೊಸದಾಗಿ ಬರೆದು, 1985ರಲ್ಲಿ ಗ್ನೂ ಈಮ್ಯಾಕ್ಸ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಹಂಚಿದರು. ಯಾರು ಬೇಕಾದರೂ ಅದರ ಒಳಗನ್ನು ಬಿಚ್ಚಿ ನೋಡಬಹುದು, ಬದಲಿಸಬಹುದು. ನನಗೆ ಅದು ಇಷ್ಟವಾಗುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ಈ ಈಮ್ಯಾಕ್ಸಿನ ಹೊಟ್ಟೆಯೊಳಗೇ ಒಂದು ಶೆಲ್ ಇದೆ. ಹೆಸರು ಈಶೆಲ್. ಬರೆದವರು ಜಾನ್ ವೀಗ್ಲಿ. 2001ರಲ್ಲಿ ಬಂದ ಈಮ್ಯಾಕ್ಸ್ 21ರ ಜೊತೆಗೆ ಅದು ಸೇರಿಕೊಂಡಿತು. ಎಡಿಟರಿನೊಳಗೆ ಶೆಲ್ ಏಕೆ ಬೇಕು ಎಂದು ಕೇಳುತ್ತೀರಾ? ಇಲ್ಲಿ ನೀವು ಕೇಳಿದ್ದೂ ಬರಹ, ಕಂಪ್ಯೂಟರು ಹೇಳಿದ್ದೂ ಬರಹ. ಉತ್ತರದಲ್ಲಿ ಬೇಕಾದ ಸಾಲನ್ನು ಅಲ್ಲೇ ಹುಡುಕಬಹುದು, ಎತ್ತಿಕೊಂಡು ಹೋಗಿ ನಿಮ್ಮ ಪ್ರಬಂಧದಲ್ಲಿ ಅಂಟಿಸಬಹುದು.

ಈಶೆಲ್ ಒಂದೇ ದೊಡ್ಡ ಗಟ್ಟಿಯಲ್ಲ. ನಿಮ್ಮ ಮನೆಯ ಚಕ್ಕುಲಿ ಒರಳನ್ನು ನೆನಪಿಸಿಕೊಳ್ಳಿ. ಹಿಟ್ಟು ಹಾಕುವ ಕೊಳವೆ, ಮೇಲಿಂದ ಒತ್ತುವ ಹಿಡಿ, ಇಷ್ಟು ಯಾವಾಗಲೂ ಅದೇ. ತಳದ ಬಿಲ್ಲೆ ಮಾತ್ರ ಬದಲಾಗುತ್ತದೆ. ನಕ್ಷತ್ರದ ತೂತಿನ ಬಿಲ್ಲೆ ಹಾಕಿದರೆ ಚಕ್ಕುಲಿ, ಸಣ್ಣ ತೂತುಗಳ ಬಿಲ್ಲೆ ಹಾಕಿದರೆ ಶ್ಯಾವಿಗೆ. ಒರಳಿಗೆ ಚಕ್ಕುಲಿಯ ಆಕಾರ ಗೊತ್ತಿಲ್ಲ, ಬಿಲ್ಲೆಗೆ ಒತ್ತಲು ಬರುವುದಿಲ್ಲ. ಬಿಲ್ಲೆಯ ಅಂಚು ಒರಳಿನ ಬಾಯಿಗೆ ಸರಿಯಾಗಿ ಕೂತರೆ ಸಾಕು.

ಈಶೆಲ್ಲಿನಲ್ಲೂ ಹಾಗೆಯೇ. ಸಾಲು ಓದುವುದು, ಆಜ್ಞೆಯನ್ನು ಬಿಡಿಸಿ ನಡೆಸುವುದು, ಉತ್ತರವನ್ನು ತಂದು ತೋರಿಸುವುದು ಒರಳಿನ ಕೆಲಸ. ಉಳಿದ ಜಾಣತನವೆಲ್ಲ ಬಿಲ್ಲೆಗಳಲ್ಲಿದೆ. ಆ ಬಿಲ್ಲೆಗಳಿಗೆ ಮಾಡ್ಯೂಲ್ ಎನ್ನುತ್ತಾರೆ. ಒಂದೇ ವ್ಯತ್ಯಾಸ: ಒರಳಿಗೆ ಒಂದು ಸಲಕ್ಕೆ ಒಂದೇ ಬಿಲ್ಲೆ, ಈಶೆಲ್ಲಿಗೆ ಎಷ್ಟು ಬೇಕಾದರೂ ಒಟ್ಟಿಗೆ ಕೂರಿಸಬಹುದು.

ಎಲ್ಲಕ್ಕಿಂತ ಪುಟ್ಟ ಮಾಡ್ಯೂಲು ಬ್ಯಾನರ್. ಈಶೆಲ್ ತೆರೆದ ಕೂಡಲೇ ಇಂಗ್ಲಿಷಿನಲ್ಲಿ ಒಂದು ಸಾಲಿನ ಸ್ವಾಗತ ಬರೆಯುವುದಷ್ಟೇ ಅದರ ಕೆಲಸ. ಆ ಸಾಲನ್ನು ಕನ್ನಡಕ್ಕೆ ಬದಲಿಸಿ ‘ಬನ್ನಿ, ಇವತ್ತು ಏನು ಮಾಡೋಣ?’ ಎಂದು ಬರೆಸಿದರೆ, ಅದು ಮರುಮಾತಿಲ್ಲದೆ ಹಾಗೇ ಹೇಳುತ್ತದೆ.

ನನಗೆ ತುಂಬ ಪ್ರೀತಿಯದು ಅಲಿಯಾಸ್ ಎಂಬ ಮಾಡ್ಯೂಲು. ಉದ್ದದ ಆಜ್ಞೆಗೆ ನಾವೇ ಒಂದು ಚಿಕ್ಕ ಅಡ್ಡಹೆಸರು ಇಟ್ಟರೆ ಅದನ್ನು ಕಡತದಲ್ಲಿ ಬರೆದಿಟ್ಟುಕೊಂಡು, ನಾಳೆಯೂ ನೆನಪಿಡುತ್ತದೆ. ಇನ್ನೊಂದು ಚೆಂದದ ಗುಣವಿದೆ. ಒಬ್ಬ ಹುಡುಗಿ ‘ಎಲ್‌ಎಸ್’ ಎಂದು ಟೈಪ್ ಮಾಡಲು ಹೋಗಿ ಅವಸರದಲ್ಲಿ ‘ಎಸ್‌ಎಲ್’ ಎಂದು ಒತ್ತಿದಳು ಅನ್ನಿ. ಅಂಥ ಆಜ್ಞೆ ಇಲ್ಲ ಎಂದು ಈಶೆಲ್ ಹೇಳುತ್ತದೆ. ಮತ್ತೆ ಮತ್ತೆ ಅದೇ ತಪ್ಪಾದರೆ ಅಲಿಯಾಸ್ ಎಣಿಸಿಕೊಳ್ಳುತ್ತಲೇ ಇರುತ್ತದೆ. ಮೂರು ಸಲದ ತನಕ ತಾಳ್ಮೆ. ಆಮೇಲೆ ತಾನೇ ಕೇಳುತ್ತದೆ: ಈ ಪದಕ್ಕೆ ಯಾವ ಆಜ್ಞೆ ಎಂದು ತಿಳಿದುಕೊಳ್ಳಲಿ? ಅವಳು ‘ಎಲ್‌ಎಸ್’ ಎಂದು ಬರೆದುಬಿಟ್ಟರೆ, ಮುಂದೆ ಬೆರಳು ತಪ್ಪಿದರೂ ಕೆಲಸ ಸರಿಯಾಗಿ ಆಗುತ್ತದೆ. ಬಯ್ಯದೆ ತಿದ್ದುವ ಇಂಥ ಕಡೆಗಳಲ್ಲಿ ತಂತ್ರಾಂಶ ಬರೆದವರ ಮನಸ್ಸು ಕಾಣುತ್ತದೆ.

ಎಲ್‌ಎಸ್ ಅಂದೆನಲ್ಲ, ಒಂದು ಫೋಲ್ಡರಿನಲ್ಲಿ ಏನೇನಿದೆ ಎಂದು ಪಟ್ಟಿ ಕೊಡುವ ಆಜ್ಞೆ ಅದು. ಯುನಿಕ್ಸ್ ಎಂಬ ಕುಟುಂಬಕ್ಕೆ ಸೇರಿದ ಕಂಪ್ಯೂಟರುಗಳಲ್ಲಿ ಇಂಥ ಆಜ್ಞೆಗಳು ಮೊದಲಿನಿಂದಲೂ ಇರುತ್ತವೆ. ವಿಂಡೋಸ್ ಇರುವ ಕಡೆ ಅವು ಇಲ್ಲದೆಯೂ ಇರಬಹುದು. ಅದಕ್ಕೇ ಈಶೆಲ್ ಎರಡು ಮಾಡ್ಯೂಲುಗಳನ್ನು ಜೊತೆಗೇ ತರುತ್ತದೆ. ಒಂದು ಪಟ್ಟಿ ಕೊಡುತ್ತದೆ. ಇನ್ನೊಂದು ಕಡತಗಳನ್ನು ನಕಲು ಮಾಡುವುದು, ಸರಿಸುವುದು, ಅಳಿಸುವುದು ಮುಂತಾದ ಕೆಲಸ ನೋಡಿಕೊಳ್ಳುತ್ತದೆ. ಇವೆರಡೂ ಈಮ್ಯಾಕ್ಸಿನದೇ ಭಾಷೆಯಾದ ಈಮ್ಯಾಕ್ಸ್ ಲಿಸ್ಪಿನಲ್ಲಿ ಬರೆದವು. ಹಾಗಾಗಿ ಕಂಪ್ಯೂಟರು ಯಾವುದೇ ಇರಲಿ, ಈಮ್ಯಾಕ್ಸ್ ಹೋದಲ್ಲೆಲ್ಲ ಅವೂ ಹೋಗುತ್ತವೆ.

ಹಿಸ್ಟರಿ ಎಂಬ ಮಾಡ್ಯೂಲು ನಾವು ಹಿಂದೆ ಕೊಟ್ಟ ಆಜ್ಞೆಗಳನ್ನು ನೆನಪಿಡುತ್ತದೆ. ನಾವು ಬೇರೆ ಹೇಳದಿದ್ದರೆ 128 ಆಜ್ಞೆಗಳ ತನಕ.

ಸ್ಮಾರ್ಟ್ ಎಂಬುದೊಂದಿದೆ, ಅದರ ಮುಂದೆ ಸ್ವಲ್ಪ ನಿಲ್ಲೋಣ. ಸಾಮಾನ್ಯವಾಗಿ ಆಜ್ಞೆ ಕೊಟ್ಟು ಎಂಟರ್ ಒತ್ತಿದ ಮೇಲೆ, ಮಿನುಗುವ ಆ ಪುಟ್ಟ ಗೆರೆ ಇದೆಯಲ್ಲ, ಕರ್ಸರ್, ಅದು ಉತ್ತರ ದಾಟಿ ಕೆಳಗಿಳಿದು ಹೊಸ ಸಾಲಿಗೆ ಕಾಯುತ್ತದೆ. ಉತ್ತರ ಉದ್ದವಿದ್ದರೆ ಮೊದಲ ಸಾಲುಗಳು ಮೇಲೆ ಸರಿದು ಕಣ್ಮರೆಯಾಗುತ್ತವೆ. ಸ್ಮಾರ್ಟ್ ಇದ್ದರೆ ಕರ್ಸರು ಈಗಷ್ಟೇ ಕೊಟ್ಟ ಆಜ್ಞೆಯ ಹತ್ತಿರವೇ ನಿಲ್ಲುತ್ತದೆ. ಆಜ್ಞೆಯಲ್ಲಿ ತಪ್ಪಿತ್ತೇ? ಅಲ್ಲೇ ತಿದ್ದಿ ಮತ್ತೆ ಎಂಟರ್ ಒತ್ತಿ. ಉತ್ತರ ಓದಬೇಕೇ? ಸ್ಪೇಸ್ ಒತ್ತುತ್ತ ಪುಟ ಪುಟವಾಗಿ ಓದಿ. ಎರಡೂ ಬೇಡ, ಹೊಸದನ್ನೇ ಕೇಳಬೇಕೇ? ಸುಮ್ಮನೆ ಟೈಪ್ ಮಾಡಲು ಶುರುಮಾಡಿ, ಕರ್ಸರು ತಾನೇ ಕೆಳಗೆ ಓಡುತ್ತದೆ. ಕೇಳಿದ್ದನ್ನು ಓದಿ ಮುಂದೆ ಹೋಗು ಎನ್ನುವ ಮಾಡ್ಯೂಲು ಇದು. ಎಲ್ಲರಿಗೂ ಇಷ್ಟವಾಗಲಿಕ್ಕಿಲ್ಲ, ಏಕೆಂದರೆ ಕೈಗೆ ಕೂತ ಅಭ್ಯಾಸವನ್ನೇ ಅದು ಬದಲಿಸುತ್ತದೆ. ಆದ್ದರಿಂದ ಈಶೆಲ್ ಜೊತೆಗೆ ಬಂದರೂ, ನಾವು ಕೇಳುವ ತನಕ ಎದ್ದೇಳುವುದಿಲ್ಲ.

ಕೇಳುವುದು ಹೇಗೆ? ಈಶೆಲ್ ಬಳಿ ಹೆಸರುಗಳ ಒಂದು ಪಟ್ಟಿ ಇರುತ್ತದೆ. ಪ್ರತಿ ಸಲ ಶುರುವಾದಾಗ ಆ ಪಟ್ಟಿಯನ್ನು ಓದಿ, ಒಂದೊಂದು ಹೆಸರಿಗೂ ತಕ್ಕ ಕಡತವನ್ನು ತೆರೆಯುತ್ತದೆ. ಆಮೇಲೆ ಆ ಮಾಡ್ಯೂಲಿನಲ್ಲಿ ‘ಇನಿಷಿಯಲೈಸ್’ ಎಂದು ಕೊನೆಯಾಗುವ ಹೆಸರಿನ ಭಾಗವಿದೆಯೇ ಎಂದು ಹುಡುಕುತ್ತದೆ. ಇದ್ದರೆ ಅದನ್ನು ನಡೆಸುತ್ತದೆ, ಮಾಡ್ಯೂಲು ಕೆಲಸಕ್ಕೆ ಸಿದ್ಧವಾಗುತ್ತದೆ. ಬ್ಯಾನರ್ ಹೆಸರನ್ನು ಪಟ್ಟಿಯಿಂದ ತೆಗೆದರೆ ಮುಂದಿನ ಸಲ ಸ್ವಾಗತದ ಸಾಲು ಬರುವುದಿಲ್ಲ. ಸ್ಮಾರ್ಟ್ ಹೆಸರು ಸೇರಿಸಿದರೆ ಕರ್ಸರು ನಿಂತು ಕಾಯುವುದನ್ನು ಕಲಿಯುತ್ತದೆ. ಉಳಿದವಕ್ಕೆ ಏನೂ ಆಗುವುದಿಲ್ಲ.

ಒಳಗೆ ಇಣುಕಿ ನೋಡಿದರೆ ಕಡತಗಳ ಹೆಸರಿನಲ್ಲೂ ಈ ಅಚ್ಚುಕಟ್ಟು ಕಾಣುತ್ತದೆ. ಒರಳಿನ ಭಾಗಗಳಿಗೆಲ್ಲ ಮೊದಲಿಗೆ ‘ಇ-ಎಸ್-ಎಚ್’, ಬಿಲ್ಲೆಗಳಿಗೆಲ್ಲ ‘ಇ-ಎಂ’. ನೀವು ಹೊಸ ಬಿಲ್ಲೆ ಮಾಡುವುದಾದರೂ ಕಡತಕ್ಕೆ ಇದೇ ಬಗೆಯ ಹೆಸರಿಟ್ಟು, ಈಮ್ಯಾಕ್ಸ್ ಹುಡುಕುವ ಜಾಗದಲ್ಲಿಟ್ಟು, ಪಟ್ಟಿಗೆ ಸೇರಿಸಬೇಕು. ಬಾಯಿಗೆ ಕೂರುವ ಅಂಚು ಅದೇ.

ಇಡೀ ಬಿಲ್ಲೆ ಬೇಡ, ಒಂದು ಹೊಸ ಆಜ್ಞೆಯನ್ನಷ್ಟೇ ನಾವೇ ಮಾಡೋಣವೇ? ಈಮ್ಯಾಕ್ಸ್ ಲಿಸ್ಪಿನಲ್ಲಿ ಬರೆಯುವ ಯಾವುದೇ ಕೆಲಸದ ಹೆಸರಿನ ಮುಂದೆ ‘ಈಶೆಲ್’ ಎಂದು ಇಂಗ್ಲಿಷಿನಲ್ಲಿ ಬರೆದು ಒಂದು ಓರೆಗೆರೆ ಹಾಕಿದರೆ, ಓರೆಗೆರೆಯ ಆಚೆಗಿನ ಪದ ಈಶೆಲ್ಲಿನ ಹೊಸ ಆಜ್ಞೆಯಾಗುತ್ತದೆ. ಆ ಪದ ಕನ್ನಡದ್ದಾಗಿರಬಹುದು! ಕನ್ನಡ ಟೈಪ್ ಮಾಡುವ ಏರ್ಪಾಡೂ ಈಮ್ಯಾಕ್ಸಿನೊಳಗೇ ಇದೆ. ಓರೆಗೆರೆಯ ಆಚೆ ‘ಮಗ್ಗಿ’ ಎಂದಿಡೋಣ. ಕೊಟ್ಟ ಸಂಖ್ಯೆಯನ್ನು ಒಂದರಿಂದ ಹತ್ತರ ತನಕ ಗುಣಿಸಿ, ಒಂದರ ಕೆಳಗೊಂದು ಬರೆದುಕೊಡು ಎಂದು ನಾಲ್ಕೈದು ಸಾಲಿನಲ್ಲಿ ಹೇಳಿದರಾಯಿತು. ಲಿಸ್ಪ್ ಬಲ್ಲ ಅಕ್ಕನೋ ಅಣ್ಣನೋ ಮೇಷ್ಟರೋ ಜೊತೆಗಿದ್ದರೆ ಒಂದು ಸಂಜೆಯ ಕೆಲಸ.

ಆಮೇಲೆ ‘ಮಗ್ಗಿ 7’ ಎಂದು ಟೈಪ್ ಮಾಡಿ ಎಂಟರ್ ಒತ್ತಿ: 7, 14, 21 ಎಂದು ಸಾಲುಗಳು ಇಳಿಯುತ್ತವೆ. 17 ಕೊಟ್ಟು ನೋಡಿ, 19 ಕೊಟ್ಟು ನೋಡಿ. ಅಜ್ಜ ಬಾಯಿಪಾಠ ಹೇಳುವ ಕಾಲು ಮಗ್ಗಿ ಬೇಕಿದ್ದರೆ 0.25 ಕೊಡಿ. ಅಷ್ಟಕ್ಕೂ ಅದೇ ನಾಲ್ಕೈದು ಸಾಲು ಸಾಕು.