ಕುಂಜಾರುಗಿರಿಯ ಸಂದರ್ಶನ: ಮೇಲಿನ ಗುಡಿ, ಕೆಳಗಿನ ನೀರು



ಇನ್ನಂಜೆಯ ರೈಲು ನಿಲ್ದಾಣದಲ್ಲಿ ಇಳಿದು ಕುಂಜಾರುಗಿರಿಯತ್ತ ಸಾಗುವ ಯಾತ್ರಿಕನ ದೃಷ್ಟಿ ಸಹಜವಾಗಿಯೇ ಮೇಲಕ್ಕೆ ಹರಿಯುತ್ತದೆ. ‘ಕುಂಜರ’ವೆಂದರೆ ಆನೆ, ಬೆಟ್ಟದ ಆಕಾರವೂ ಅದಕ್ಕೆ ಒಪ್ಪುವಂಥದೇ. ನೆತ್ತಿಯ ಮೇಲೆ ದುರ್ಗೆಯ ಗುಡಿ, ಸನಿಹದಲ್ಲಿ ಪರಶುರಾಮನ ಸನ್ನಿಧಿ, ತಪ್ಪಲಿನಲ್ಲಿ 13ನೆಯ ಶತಮಾನದ ಮಧ್ವಾಚಾರ್ಯರು ಜನಿಸಿದ ಪಾಜಕ. ಮೆಟ್ಟಿಲೇರಿ ದರ್ಶನ ಮುಗಿಸಿ, ತೆಂಗಿನ ತೋಟಗಳಾಚೆಯ ಪಡುಗಡಲನ್ನು ಕಂಡು ಇಳಿದರೆ ಸಂದರ್ಶನ ಪೂರ್ಣವಾಯಿತೆಂಬುದು ಇಂದಿನವರ ಭಾವನೆ.

ಹಳಬರ ಲೆಕ್ಕ ಬೇರೆಯಾಗಿತ್ತು. ಬೆಟ್ಟದ ಆಸುಪಾಸಿನಲ್ಲಿ ಪರಶುತೀರ್ಥ, ಧನುಸ್ತೀರ್ಥ, ಗದಾತೀರ್ಥ, ಬಾಣತೀರ್ಥಗಳೆಂಬ ನಾಲ್ಕು ಜಲಾಶ್ರಯಗಳಿವೆ. ಪರಶುರಾಮನ ಆಯುಧಗಳಿಂದ ಅವು ಉದ್ಭವಿಸಿದವೆಂಬುದು ಐತಿಹ್ಯ. 16ನೆಯ ಶತಮಾನದ ವಾದಿರಾಜರು ತಮ್ಮ ‘ತೀರ್ಥಪ್ರಬಂಧ’ದಲ್ಲಿ ಈ ಬೆಟ್ಟವನ್ನು ವಿಮಾನಗಿರಿಯೆಂದು ಸ್ತುತಿಸುವುದರೊಡನೆ ಈ ತೀರ್ಥಗಳನ್ನೂ ಸ್ಮರಿಸಿದ್ದಾರೆ. ಗಿರಿಯನ್ನು ಕಂಡವನು ನೀರನ್ನೂ ಕಾಣಬೇಕೆಂಬ ಕ್ರಮವದು. ಭಕ್ತಿಯ ಮಾತನ್ನು ಬದಿಗಿಟ್ಟು ನೋಡಿದರೂ ಅದೊಂದು ಒಳ್ಳೆಯ ಜಲನಕ್ಷೆ. ಇಂಥದೊಂದು ನಕ್ಷೆಯನ್ನು ಇಂದು ಸಿದ್ಧಪಡಿಸಬೇಕಾದರೆ ಎಷ್ಟು ಅರ್ಜಿ, ಎಷ್ಟು ಸಮಿತಿ!

ಕಾರ್ಕಳದ್ದೂ ಇದೇ ಬಗೆ. 1432ರಲ್ಲಿ ವೀರಪಾಂಡ್ಯನು ಬಂಡೆಯ ಬೆಟ್ಟದ ಮೇಲೆ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ನೋಡಲು ಬರುವವರು ಅಸಂಖ್ಯ. ಆನೆಕೆರೆ, ರಾಮಸಮುದ್ರಗಳ ದಡದಲ್ಲಿ ಐದು ನಿಮಿಷ ನಿಲ್ಲುವವರು ವಿರಳ.

ಗಿರಿಶಿಖರದ ಊರೆಂದರೆ ವಿದೇಶ ಪ್ರವಾಸಿಗರು ಮೊದಲು ನೆನೆಯುವುದು ಇಟಲಿಯನ್ನು. ಉತ್ತರ ಇಟಲಿಯ ಬೆರ್ಗಮೋ ನಗರದ ಹಳೆಯ ಭಾಗ ಗುಡ್ಡದ ಮೇಲಿದೆ. 1561ರಲ್ಲಿ ವೆನಿಸ್ ಗಣರಾಜ್ಯವು ಕಟ್ಟಲಾರಂಭಿಸಿದ ಸುಮಾರು 6 ಕಿಲೋಮೀಟರ್ ಉದ್ದದ ಕೋಟೆಗೋಡೆ ಅದನ್ನು ಬಳಸಿದೆ. 2017ರಲ್ಲಿ ಅದು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯನ್ನೂ ಸೇರಿತು. 1887ರಿಂದ ಹಳಿಬಂಡಿಯೊಂದು ಜನರನ್ನು ಮೇಲಕ್ಕೊಯ್ಯುತ್ತಿದೆ. ಆದರೆ ಕೃಷಿಕನಿಗೆ ಮುಖ್ಯವಾಗುವ ಸಂಗತಿಗಳು ಇವಲ್ಲ. ಕೋಟೆಗೋಡೆಗಿಂತ ಎರಡು ಶತಮಾನ ಮೊದಲೇ, 1342ರಲ್ಲಿ, ಊರ ನಡುವೆ ದೊಡ್ಡ ನೀರಿನ ತೊಟ್ಟಿಯೊಂದನ್ನು ಕಟ್ಟಲಾಗಿತ್ತು. ಗುಡ್ಡದ ಇಳಿಜಾರುಗಳು ಇಂದಿಗೂ ಕಲ್ಲುಕಟ್ಟೆಯ ಮೆಟ್ಟಿಲುಗದ್ದೆಗಳಾಗಿದ್ದು ಅಲ್ಲಿ ಸೊಪ್ಪು ತರಕಾರಿ ಬೆಳೆಯುತ್ತಾರೆ. 1977ರಲ್ಲಿ ಸುತ್ತಣ ಗುಡ್ಡಗಳನ್ನೇ ರಕ್ಷಿತ ಉದ್ಯಾನವೆಂದು ಘೋಷಿಸಲಾಯಿತು. ಶಿಖರವನ್ನು ಕಾಯಬೇಕಾದರೆ ಇಳಿಜಾರನ್ನೂ ಕಾಯಬೇಕೆಂಬುದನ್ನು ಅಲ್ಲಿ ಕಾನೂನಿನಲ್ಲಿಯೇ ಬರೆದಿಟ್ಟರು.

ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಮಳೆ ವರ್ಷದುದ್ದಕ್ಕೂ ಹಂಚಿ ಬೀಳುತ್ತದೆ. ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬರುತ್ತದೆ. ಉಳಿದ ಎಂಟು ತಿಂಗಳ ನೀರು ಎಲ್ಲಿರಬೇಕು? ಉತ್ತರ ಮುರಕಲ್ಲಿನಲ್ಲಿದೆ. ಮುರಕಲ್ಲಿನ ಮೈತುಂಬ ರಂಧ್ರಗಳು. ಗುಡ್ಡದಿಂದ ಜಾರಿದ ಮಳೆನೀರು ಈ ರಂಧ್ರಗಳ ಮೂಲಕ ಇಳಿದು, ಕೆಳಗಿನ ಶೇಡಿಮಣ್ಣಿನ ಪದರದಲ್ಲಿ ತಡೆಯುಂಟಾಗಿ, ಪಕ್ಕಕ್ಕೆ ಸರಿದು, ತಗ್ಗಿನ ಬಾವಿ ಕೆರೆಗಳಲ್ಲಿ ಒರತೆಯಾಗಿ ಹೊಮ್ಮುತ್ತದೆ. ನೀರು ಇಂಗಲು ಪಾದೆಯ ಮೇಲಿನ ತೆಳುಮಣ್ಣು, ಹುಲ್ಲು, ಕುರುಚಲು ಗಿಡಗಳು ಬೇಕು. ಸರಕಾರಿ ಕಡತಗಳಲ್ಲಿ ಇದಕ್ಕೆ ‘ಬಂಜರು’ ಎಂಬ ಹೆಸರಿದೆ. ಮಳೆಗಾಲದಲ್ಲಿ ಇದೇ ಬಂಜರಿನಲ್ಲಿ ಕೀಟಭಕ್ಷಕ ಸಸ್ಯಗಳು ನೀಲಿ, ನಸುಗೆಂಪು ಹೂಬಿಡುವುದನ್ನು ಆ ಹೆಸರಿಟ್ಟವರು ನೋಡಿರಲಾರರು.

ಈ ನೀರನ್ನು ನಂಬಿದ ಬದುಕು ಇನ್ನಂಜೆ, ಶಂಕರಪುರಗಳ ಅಂಗಳದಲ್ಲಿಯೇ ಇದೆ. ಉಡುಪಿ ಮಲ್ಲಿಗೆಯೆಂದು ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹೂವು ಇಲ್ಲಿಯ ಮನೆವಾರ್ತೆಯ ಆಧಾರ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೇಸಗೆಯಲ್ಲಿ ಗಿಡಕ್ಕೆ ನೀರು ತಪ್ಪುವಂತಿಲ್ಲ. ಬೆಳಗ್ಗೆ ಮೊಗ್ಗು ಕೊಯ್ದು ಕಟ್ಟುವ ಹೆಂಗಸರ ದುಡಿಮೆ, ಮನೆಯ ಹಿಂದಿನ ಬಾವಿಯ ಮಟ್ಟವನ್ನು ಅವಲಂಬಿಸಿದೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ ಉಡುಪಿ, ಮಣಿಪಾಲಗಳು ಟ್ಯಾಂಕರಿಗಾಗಿ ಕಾದುದನ್ನು ಯಾರೂ ಮರೆತಿಲ್ಲ. ನದಿಯೇ ಕೈಕೊಟ್ಟಾಗ ಉಳಿಯುವುದು ಬಾವಿಯೊಂದೇ.

ಹೀಗಿರುವಾಗ ಪುಣ್ಯಕ್ಷೇತ್ರಗಳ ‘ಅಭಿವೃದ್ಧಿ’ಯೆಂದರೆ ಅಂಗಳಕ್ಕೆ ಇಂಟರ್‌ಲಾಕ್, ಕೆರೆಯ ತಳಕ್ಕೆ ಕಾಂಕ್ರೀಟು, ವಾಹನ ನಿಲುಗಡೆಗೆ ಪಾದೆಯ ಸಮತಟ್ಟು ಎಂದಾಗಿಬಿಟ್ಟಿದೆ. ಯಾತ್ರಿಕರು ಬರಲಿ, ಊರಿಗೆ ಅದರಿಂದ ನಾಲ್ಕು ಕಾಸು ದಕ್ಕುವುದನ್ನು ಆಕ್ಷೇಪಿಸಲಾಗದು. ಆದರೆ ತಳಕ್ಕೆ ಕಾಂಕ್ರೀಟು ಹಾಕಿದ ಕೆರೆಗೆ ಒರತೆಯ ಸಂಬಂಧ ಕಡಿಯುತ್ತದೆ. ಅದು ಬರಿಯ ತೊಟ್ಟಿ. ಹೂಳೆತ್ತಿ, ಬದಿಗೆ ಮುರಕಲ್ಲನ್ನು ಗಾರೆಯಿಲ್ಲದೆ ಕಟ್ಟಿ, ತಳವನ್ನು ತೆರೆದಿಡುವುದೇ ಸರಿಯಾದ ಜೀರ್ಣೋದ್ಧಾರ. ಕೆಂಪುಕಲ್ಲು ಕಡಿಯುವ ಹೊಂಡಗಳಿಗೂ ಜಲಾಶ್ರಯಗಳಿಗೂ ನಡುವೆ ಎಷ್ಟು ಅಂತರವಿರಬೇಕೆಂಬುದನ್ನು ಗ್ರಾಮಸಭೆಯಲ್ಲಿ ಚರ್ಚಿಸಿ ನಿರ್ಣಯಿಸಬೇಕು.

ಅಂಥ ಚರ್ಚೆಗೆ ಅಂಕಿಅಂಶ ಬೇಕು. ಅದಕ್ಕೆ ಯಂತ್ರ ಬೇಕಿಲ್ಲ. ಗಂಟುಹಾಕಿದ ಹಗ್ಗ, ತುದಿಗೊಂದು ಕಲ್ಲು ಸಾಕು. ನಾಲ್ಕು ತೀರ್ಥಗಳಲ್ಲಿಯೂ ಸುತ್ತಣ ಹತ್ತಿಪ್ಪತ್ತು ಬಾವಿಗಳಲ್ಲಿಯೂ ದೀಪಾವಳಿಯಿಂದ ಪತ್ತನಾಜೆಯವರೆಗೆ ಪ್ರತಿ ಅಮಾವಾಸ್ಯೆಗೆ ನೀರಿನ ಆಳ ಅಳೆದು ಶಾಲಾ ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಮೂರು ವರ್ಷದ ಬರಹವಿದ್ದರೆ ಯಾವ ಗುಡ್ಡದ ಮಳೆ ಯಾವ ಬಾವಿಗೆ ಬರುತ್ತದೆಂದು ಊಹಿಸಲು ಸಾಧ್ಯವಾದೀತು.